ಬರ್ಚ್ ಸೆಟ್ಟೋ, ಮೇಪಲ್ ಸೆಟ್ಟೋ: ಎರಡರಲ್ಲಿ ಯಾವುದನ್ನು ಕೊಳ್ಳಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ನಾನು ಒಂದೇ ಡ್ರಮ್ ಸೆಟ್ ನುಡಿಸುತ್ತ ಬಂದಿದ್ದೇನೆ. ಕಲಿಯುವವರಿಗೆಂದೇ ತಯಾರಾದ, ಪಾಪ್ಲರ್ ಮರದ ಶೆಲ್‌ಗಳಿರುವ (ಡ್ರಮ್ಮಿನ ಕೊಳವೆಯಂಥ ಒಡಲಿಗೆ ಶೆಲ್ ಎನ್ನುತ್ತಾರೆ) ಸೆಟ್ ಅದು: ಕಾಲಿನಿಂದ ಪೆಡಲ್ ಒತ್ತಿ ನುಡಿಸುವ 22 ಇಂಚಿನ ಬಾಸ್ ಡ್ರಮ್, ಅದರ ಮೇಲೆ ಕೂರುವ 12 ಮತ್ತು 13 ಇಂಚಿನ ಟಾಮ್‌ಗಳು, ನೆಲದ ಮೇಲೆ ಕಾಲೂರಿ ನಿಲ್ಲುವ 16 ಇಂಚಿನ ಫ್ಲೋರ್ ಟಾಮ್. ಈಚೆಗೆ ಅದರ ಟಾಮ್ ಹೋಲ್ಡರಿನ ಹಿಡಿತ ಸಡಿಲವಾಗಿದೆ. ಹಾಡು ಏರುತ್ತ ಹೋದಂತೆ 13 ಇಂಚಿನ ಟಾಮ್ ನನ್ನ ಕಡೆಗೆ ತಲೆ ಬಾಗಿಸುತ್ತ ಬರುತ್ತದೆ. ಬಲಗೈಯನ್ನು ಹೈ-ಹ್ಯಾಟಿನಿಂದ ತೆಗೆಯದೆ ಎಡಗೈಯಿಂದ ಅದನ್ನು ಮೇಲಕ್ಕೆ ತಳ್ಳುವುದು ಈಗ ನನ್ನ ನುಡಿಸಾಣಿಕೆಯ ಭಾಗವೇ ಆಗಿಬಿಟ್ಟಿದೆ.

ಹೊಸದನ್ನು ಕೊಳ್ಳಲು ಹೊರಟು, ಹುಡುಕಾಟವನ್ನು ಎರಡು ಸೆಟ್‌ಗಳಿಗೆ ಇಳಿಸಿಕೊಂಡಿದ್ದೇನೆ. ಒಂದು ಯಮಾಹಾ ಸ್ಟೇಜ್ ಕಸ್ಟಮ್ ಬರ್ಚ್, ಹೆಸರೇ ಹೇಳುವಂತೆ ಬರ್ಚ್ ಮರದ್ದು; ಅದರಲ್ಲಿ 20 ಇಂಚಿನ ಬಾಸ್ ಡ್ರಮ್, 10 ಮತ್ತು 12 ಇಂಚಿನ ಟಾಮ್‌ಗಳು, 14 ಇಂಚಿನ ಫ್ಲೋರ್ ಟಾಮ್ ಇವೆ. ಇನ್ನೊಂದು ಟಾಮಾ ಸೂಪರ್‌ಸ್ಟಾರ್ ಕ್ಲಾಸಿಕ್. ಶೆಲ್ ಪೂರ್ತಿ ಮೇಪಲ್ ಮರದ್ದು, ಬಾಸ್ ಡ್ರಮ್ 22 ಇಂಚು, ಟಾಮ್‌ಗಳು 10 ಮತ್ತು 12, ಫ್ಲೋರ್ ಟಾಮ್ 16. ನನಗೆ ಸಿಗುತ್ತಿರುವ ಬೆಲೆಯಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎರಡನ್ನೂ ಕಾಲು ಗಂಟೆ ಕೂತು ನುಡಿಸಿ ನೋಡಿದೆ. ಮೇಪಲ್ ಸೆಟ್ಟಿನ ನಾದ ತುಂಬಿದ ಕೊಡದಂತೆ ಗಂಭೀರವಾಗಿತ್ತು. ಬರ್ಚ್ ಸೆಟ್ಟಿನಲ್ಲಿ ಪೆಟ್ಟು ಚೊಕ್ಕವಾಗಿ ಬಿದ್ದು ಬೇಗ ಮುಗಿಯುತ್ತಿತ್ತು. ನಮ್ಮದು ನಾಲ್ಕು ಜನರ ಸಣ್ಣ ತಂಡ. ನುಡಿಸುವುದು ಹೆಚ್ಚಾಗಿ ಚಿಕ್ಕ ಸಭಾಂಗಣಗಳಲ್ಲಿ, ಡ್ರಮ್‌ಗಳಿಗೆ ಮೈಕ್ ಇದ್ದರೆ ಬಾಸ್ ಡ್ರಮ್ಮಿಗೆ ಒಂದು, ಇಲ್ಲವಾದರೆ ಅದೂ ಇಲ್ಲ. ಸಿಂಬಲ್‌ಗಳನ್ನು ಬದಲಿಸುವ ಯೋಚನೆಯಿಲ್ಲ. ಇಂಥ ಬಳಕೆಗೆ ಬರ್ಚ್ ಒಳ್ಳೆಯದೋ ಮೇಪಲ್ ಒಳ್ಳೆಯದೋ ಎಂಬುದನ್ನು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ನೀವು ಎರಡು ಮರಗಳನ್ನು ಹೋಲಿಸಿದ್ದೇನೆ ಎಂದುಕೊಂಡಿದ್ದೀರಿ, ಆದರೆ ನಿಮ್ಮ ಬರಹವನ್ನು ಓದಿದರೆ ನೀವು ನಿಜವಾಗಿ ಹೋಲಿಸಿರುವುದು ಎರಡು ಅಳತೆಗಳನ್ನು. 16 ಇಂಚಿನ ಫ್ಲೋರ್ ಟಾಮಿನ ಹೆಡ್, ಎಂದರೆ ಡ್ರಮ್ಮಿನ ಬಾಯಿಗೆ ಬಿಗಿದ ಪೊರೆ, 14 ಇಂಚಿನದಕ್ಕಿಂತ ವಿಸ್ತಾರದಲ್ಲಿ ಸುಮಾರು ಶೇಕಡಾ 30ರಷ್ಟು ದೊಡ್ಡದು. 22 ಇಂಚಿನ ಬಾಸ್ ಡ್ರಮ್ಮಿನದು 20 ಇಂಚಿನದಕ್ಕಿಂತ ಶೇಕಡಾ 21ರಷ್ಟು ದೊಡ್ಡದು. ಅಷ್ಟು ದೊಡ್ಡ ಹೆಡ್ ಒಂದೇ ಬಿಗಿತದಲ್ಲಿ ಹೆಚ್ಚು ತಗ್ಗಿನ ಶ್ರುತಿಯಲ್ಲಿ ನುಡಿಯುವುದು ಸಹಜ. ನೀವು ಕೇಳಿದ ಗಾಂಭೀರ್ಯದಲ್ಲಿ ದೊಡ್ಡ ಪಾಲು ಇದರದ್ದು. ಮೇಪಲಿನ ಪಾಲೂ ಇರಬಹುದು, ಆದರೆ ಈ ಜೋಡಿಯನ್ನು ಪಕ್ಕಪಕ್ಕ ಇಟ್ಟು ನುಡಿಸಿದರೆ ಆ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲು ಯಾರ ಕಿವಿಗೂ ಸಾಧ್ಯವಿಲ್ಲ.

ಆದ್ದರಿಂದ ಮರವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ನಿಮ್ಮ ಮೈಗೂ ಕೈಗೂ ಯಾವ ಅಳತೆ ಒಗ್ಗುತ್ತದೆ ಎಂದು ನೋಡಿ. ಟಾಮ್‌ಗಳು ಬಾಸ್ ಡ್ರಮ್ಮಿನ ಮೇಲೆಯೇ ಕೂರುವ ಸೆಟ್‌ಗಳಿವು. ಬಾಸ್ ಡ್ರಮ್ 22 ಇಂಚಾದರೆ ಟಾಮ್‌ಗಳು 20 ಇಂಚಿನದಕ್ಕಿಂತ ಎರಡು ಇಂಚು, ಎಂದರೆ ಐದು ಸೆಂಟಿಮೀಟರ್ ಮೇಲೆ ಹೋಗುತ್ತವೆ. ಕಾಗದದ ಮೇಲೆ ಇದು ಸಣ್ಣ ಸಂಖ್ಯೆ. ಆಸನವನ್ನು ತಗ್ಗಿಸಿಕೊಂಡು ಕೂರುವವರಿಗೆ, ಟಾಮಿನ ಹೆಡ್ ತಮ್ಮತ್ತ ಕಡಿದಾಗಿ ವಾಲುವುದೋ ಬಹುತೇಕ ಸಮತಲವಾಗಿ ಉಳಿಯುವುದೋ ಎಂಬುದನ್ನು ಇದೇ ನಿರ್ಧರಿಸುತ್ತದೆ. ಕಡಿದಾಗಿ ವಾಲಿದರೆ ಕೋಲಿನ ತುದಿ ಹೆಡ್ಡಿಗೆ ಚುಚ್ಚುವಂತೆ ಬಡಿಯುತ್ತದೆ, ಗುಳಿಗಳು ಬೀಳುತ್ತವೆ, ರಟ್ಟೆಯೂ ಬೇಗ ಸೋಲುತ್ತದೆ.

ಇನ್ನು ಟಾಮ್‌ಗಳ ನಡುವಿನ ಅಂತರ. 10, 12, 14 ಎಂದರೆ ಎರಡೆರಡು ಇಂಚಿನ ಸಮಾನ ಮೆಟ್ಟಿಲುಗಳು; ಮೂರನ್ನೂ ಶ್ರುತಿ ಮಾಡಿದಾಗ, ಟಾಮ್‌ಗಳ ಮೇಲೆ ಸಾಲಾಗಿ ಬಾರಿಸುವ ಉರುಳಿಕೆ ಮೇಲಿನಿಂದ ಕೆಳಗೆ ತಡೆಯಿಲ್ಲದೆ ಇಳಿಯುತ್ತದೆ. 10, 12, 16ರಲ್ಲಿ ಕೊನೆಯ ಮೆಟ್ಟಿಲು ದೊಡ್ಡದು. ಅದು ದೋಷವೆಂದಲ್ಲ, 16ರ ಮೇಲೆ ಬೀಳುವ ಕೊನೆಯ ಪೆಟ್ಟಿಗೆ ಅದರಿಂದಲೇ ಒಂದು ನಾಟಕೀಯತೆ ಬರುತ್ತದೆ. ಆದರೆ ಅದನ್ನು 12ರ ಹತ್ತಿರಕ್ಕೆ ತರಲು ಬಿಗಿದರೆ 16 ಇಂಚಿನ ಡ್ರಮ್ ತನ್ನ ದೊಡ್ಡತನವನ್ನು ಕಳೆದುಕೊಳ್ಳುತ್ತದೆ. ಆಮೇಲೆ ನಡುವೆ ಇಡಲು ಒಂದು 14 ಇಂಚಿನದನ್ನು ಬೇರೆಯಾಗಿ ಕೊಂಡವರನ್ನು ನಾನು ಬಹಳ ಕಂಡಿದ್ದೇನೆ.

ಬಾಸ್ ಡ್ರಮ್ಮಿನ ಆಳವನ್ನೂ ಗಮನಿಸಿ. ಸ್ಟೇಜ್ ಕಸ್ಟಮ್ಮಿನ 20 ಇಂಚಿನದು 17 ಇಂಚು ಆಳ. ಟಾಮಾದ 22 ಇಂಚಿನದು 18 ಇಂಚು. ಹೊರುವವರು ನೀವೇ ಆದರೆ, ಮೆಟ್ಟಿಲುಗಳ ತಿರುವಿನಲ್ಲಿ ಈ ವ್ಯತ್ಯಾಸ ನಿಮಗೆ ಯಾವ ಮರದ ನಾದಕ್ಕಿಂತಲೂ ಸ್ಪಷ್ಟವಾಗಿ ಅರಿವಿಗೆ ಬರುತ್ತದೆ. ಅಂದಹಾಗೆ ಸ್ಟೇಜ್ ಕಸ್ಟಮ್ 22, 10, 12, 16ರ ಜೋಡಣೆಯಲ್ಲಿಯೂ ದೊರೆಯುತ್ತದೆ. ದೊಡ್ಡ ಡ್ರಮ್‌ಗಳೇ ಬೇಕೆಂದು ಮನಸ್ಸು ಹೇಳಿದರೆ ಅದಕ್ಕಾಗಿ ಮೇಪಲನ್ನೇ ಆರಿಸಬೇಕೆಂಬ ಕಟ್ಟುಪಾಡಿಲ್ಲ.

ಉತ್ತರ 2

ಮೇಲಿನ ಉತ್ತರದಲ್ಲಿ ಅಳತೆಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಮರವನ್ನು ಬದಿಗಿಡಿ ಎಂಬ ಮಾತು ಸ್ವಲ್ಪ ಅತಿಯಾಯಿತು. ಬರ್ಚಿನಲ್ಲಿ ಮೊದಲ ಪೆಟ್ಟು ಎದ್ದು ಕೇಳಿಸಿ, ನಡುವಿನ ಸ್ವರಗಳು ತುಸು ಹಿಂದೆ ಸರಿದು, ನಾದ ಬೇಗ ಅಡಗುತ್ತದೆ. ಮೇಪಲಿನಲ್ಲಿ ಎಲ್ಲ ಸ್ತರಗಳೂ ಹೆಚ್ಚು ಸಮವಾಗಿ ಉಳಿದು ಅನುರಣನ ಉದ್ದವಾಗುತ್ತದೆ ಎಂಬುದು ಡ್ರಮ್ ನುಡಿಸುವವರೂ ಧ್ವನಿಮುದ್ರಣ ಮಾಡುವವರೂ ಬಹುಮಟ್ಟಿಗೆ ಒಪ್ಪುವ ಮಾತು. ಯಮಾಹಾ 1970ರ ದಶಕದಲ್ಲಿ ತಂದ ಬರ್ಚ್ ಸೆಟ್ ಮುಂದೆ ರೆಕಾರ್ಡಿಂಗ್ ಕಸ್ಟಮ್ ಎಂಬ ಹೆಸರನ್ನೇ ಪಡೆಯಿತು, ಸ್ಟೀವ್ ಗ್ಯಾಡ್ ಅವರಂಥ ಸ್ಟುಡಿಯೋ ವಾದಕರ ಜೊತೆಗೆ ಅದರ ಹೆಸರು ಬೆಸೆದುಕೊಂಡಿತು. ಮೈಕ್ ಹೆಡ್ಡಿನಿಂದ ಎರಡು ಬೆರಳಿನ ದೂರದಲ್ಲಿದ್ದಾಗ, ಬೇಗ ಅಡಗುವ ನಾದ ದೊಡ್ಡ ಅನುಕೂಲ; ಒಂದು ಟಾಮಿನ ಗುಂಯ್ಗುಡುವಿಕೆ ಪಕ್ಕದ ಮೈಕಿಗೆ ನುಗ್ಗುವುದಿಲ್ಲ.

ಪ್ರಶ್ನೆ ಕೇಳಿದವರ ಸ್ಥಿತಿ ಇದಕ್ಕೆ ವಿರುದ್ಧ. ಟಾಮ್‌ಗಳಿಗೆ ಮೈಕ್ ಇಲ್ಲದ ಸಭಾಂಗಣದಲ್ಲಿ, ಗಿಟಾರೂ ಕೀಬೋರ್ಡೂ ನುಡಿಯುತ್ತಿರುವಾಗ, ಮೇಪಲಿನ ಆ ಉದ್ದನೆಯ ಬಾಲ ಐದನೆಯ ಸಾಲಿನವರೆಗೂ ತಲುಪುವುದಿಲ್ಲ. ಅಲ್ಲಿಗೆ ತಲುಪುವುದು ಪೆಟ್ಟಿನ ಮೊದಲ ತುಣುಕು ಮಾತ್ರ. ಹಿಂದೆ ಕೂತ ವಾದಕನಿಗೆ ಮಾತ್ರ ಪೂರ್ತಿ ಕೇಳಿಸುವ ಸುಖವದು. ಆ ಸುಖಕ್ಕೂ ಬೆಲೆಯಿದೆ ಎನ್ನುವವರನ್ನು ನಾನು ಆಕ್ಷೇಪಿಸುವುದಿಲ್ಲ, ಏಕೆಂದರೆ ತನಗೆ ಹಿತವಾಗಿ ಕೇಳಿಸುವ ವಾದ್ಯದ ಮುಂದೆ ಮನುಷ್ಯ ಹೆಚ್ಚು ಹೊತ್ತು ಕೂರುತ್ತಾನೆ.

ಹೆಡ್‌ಗಳ ವಿಷಯವನ್ನು ಇಲ್ಲಿಯವರೆಗೆ ಯಾರೂ ಎತ್ತಲಿಲ್ಲವಲ್ಲ ಎಂದು ನನಗೆ ಆಶ್ಚರ್ಯ. ರೆಮೊ ಅಂಬಾಸಿಡರ್ ಅಥವಾ ಇವಾನ್ಸ್ ಜಿ1 ಎಂದರೆ 10 ಮಿಲ್ ದಪ್ಪದ ಒಂದೇ ಪದರ. ಎಂಪರರ್ ಅಥವಾ ಜಿ2 ಎಂದರೆ 7 ಮಿಲ್‌ನ ಎರಡು ಪದರ. ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗವಷ್ಟೇ. ಆದರೂ ಮೇಪಲ್ ಟಾಮಿಗೆ ಎರಡು ಪದರದ್ದನ್ನೂ ಬರ್ಚ್ ಟಾಮಿಗೆ ಒಂದೇ ಪದರದ್ದನ್ನೂ ಹಾಕಿ ಕೇಳಿಸಿದರೆ, ಯಾವುದು ಯಾವುದೆಂದು ಹೇಳುವಾಗ ಎಷ್ಟೋ ಜನ ತಪ್ಪುತ್ತಾರೆ. ನೀವು ನುಡಿಸಿ ನೋಡಿದಾಗ ಎರಡರ ಮೇಲೂ ಯಾವ ಹೆಡ್‌ಗಳಿದ್ದವು ಎಂಬುದನ್ನು ನೋಡಿಕೊಂಡಿರಾ?

ಒಂದು ಸಣ್ಣ ಸಂಗತಿಯನ್ನೂ ಸೇರಿಸುತ್ತೇನೆ. ಇಂದಿನ ಸೂಪರ್‌ಸ್ಟಾರ್ ಕ್ಲಾಸಿಕ್ ಮೇಪಲಿನದಾದರೂ, 1970ರ ದಶಕದ ಮೂಲ ಸೂಪರ್‌ಸ್ಟಾರ್ ಸೆಟ್‌ಗಳು ಬರ್ಚಿನವು. ಸ್ಟೇಜ್ ಕಸ್ಟಮ್ಮಿನ ಕಥೆ ಇದಕ್ಕೆ ತಿರುವುಮುರುವು: ಈಗಿನದು ಪೂರ್ತಿ ಬರ್ಚ್, ಹಳೆಯ ಕೆಲವು ಆವೃತ್ತಿಗಳಲ್ಲಿ ಬರ್ಚಿನ ಜೊತೆಗೆ ಬೇರೆ ಮರದ ಪದರಗಳೂ ಇದ್ದವು. ಬಳಸಿದ ಸೆಟ್ ಕೊಳ್ಳುವವರು ಹೆಸರನ್ನಷ್ಟೇ ನಂಬಬಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹೆಡ್‌ಗಳನ್ನು ನೋಡಿಕೊಳ್ಳಲಿಲ್ಲವೆಂದು ಒಪ್ಪಿಕೊಳ್ಳಬೇಕು. ಒಂದರ ಟಾಮ್‌ಗಳ ಮೇಲೆ ಯಾರೋ ಟೇಪ್ ಅಂಟಿಸಿದ್ದರು ಎಂಬುದು ಈಗ ನೆನಪಾಗುತ್ತಿದೆ. ಮತ್ತೊಮ್ಮೆ ಹೋಗಿ ಕೇಳುವ ಅವಕಾಶವಿದೆ. ಹಾಗಾದರೆ ಸರಿಯಾಗಿ ಹೋಲಿಸುವುದು ಹೇಗೆ? 20 ಇಂಚಿನ ಬಾಸ್ ಡ್ರಮ್ ಮೈಕಿಲ್ಲದೆ ಸೊರಗಿಬಿಡುತ್ತದೆಯೇ ಎಂಬ ಅಳುಕೂ ನನಗಿದೆ.

ಉತ್ತರ 3

ಎರಡು ಸೆಟ್‌ಗಳಲ್ಲಿಯೂ 10 ಮತ್ತು 12 ಇಂಚಿನ ಟಾಮ್‌ಗಳಿವೆ. ಮರವನ್ನು ಹೋಲಿಸಬೇಕೆಂದಿದ್ದರೆ ಅವುಗಳನ್ನು ಮಾತ್ರ ಹೋಲಿಸಿ. ಬೇರೆ ಡ್ರಮ್‌ಗಳನ್ನು ಮುಟ್ಟಲೇಬೇಡಿ. ಶ್ರುತಿ ಮಾಡುವ ಒಂದು ಕೀ ಜೊತೆಗಿರಲಿ. ನಾದ ತಗ್ಗಿಸಲು ಹೆಡ್ಡಿಗೆ ಅಂಟಿಸಿದ ಟೇಪು, ಜೆಲ್ಲು ಏನಿದ್ದರೂ ಕಿತ್ತುಹಾಕಿ. 12 ಇಂಚಿನ ಟಾಮಿನ ಪ್ರತಿಯೊಂದು ಟೆನ್ಷನ್ ರಾಡಿನ (ಹೆಡ್ಡನ್ನು ಬಿಗಿಯುವ ತಿರುಪು) ಎದುರಿಗೆ, ಅಂಚಿನಿಂದ ಒಂದು ಇಂಚು ಒಳಗೆ, ಕೋಲಿನ ತುದಿಯಿಂದ ಮೆಲ್ಲಗೆ ತಟ್ಟುತ್ತ ಎಲ್ಲ ಕಡೆಯೂ ಒಂದೇ ಸ್ವರ ಬರುವವರೆಗೆ ಸರಿಪಡಿಸಿ. ಕೆಳಗಿನ ಹೆಡ್ಡಿಗೂ ಇದನ್ನೇ ಮಾಡಬೇಕು. ಅವಸರದಲ್ಲಿ ಎಲ್ಲರೂ ಬಿಡುವುದು ಅದನ್ನೇ. ಒಂದು ಸೆಟ್ಟಿನಲ್ಲಿ ಮೇಲಿನ ಮತ್ತು ಕೆಳಗಿನ ಹೆಡ್‌ಗಳು ಒಂದೇ ಸ್ವರದಲ್ಲಿದ್ದು ಇನ್ನೊಂದರಲ್ಲಿ ಕೆಳಗಿನದು ಬಿಗಿಯಾಗಿದ್ದರೆ, ಮೊದಲನೆಯದರ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ, ಮತ್ತು ನೀವು ಆ ಹೆಗ್ಗಳಿಕೆಯನ್ನು ಮರದ ಲೆಕ್ಕಕ್ಕೆ ಬರೆದುಕೊಳ್ಳುತ್ತೀರಿ. ಎರಡು ಸೆಟ್‌ಗಳ ಟಾಮ್‌ಗಳೂ ಒಂದೇ ಶ್ರುತಿಗೆ ಬಂದ ಮೇಲೆ ಕೋಲನ್ನು ಇನ್ನೊಬ್ಬರ ಕೈಗೆ ಕೊಟ್ಟು, ನೀವು ಹತ್ತು ಹೆಜ್ಜೆ ಹಿಂದೆ ಹೋಗಿ ಬೆನ್ನು ತಿರುಗಿಸಿ ನಿಲ್ಲಿ.

ಕೊಳ್ಳುವ ಸೆಟ್ಟಿನ ಶೆಲ್ಲಿನ ಅಂಚನ್ನು ನೋಡುವುದು ಮರದ ಜಾತಿಯನ್ನು ಕೇಳುವುದಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ. ಹೆಡ್ ಕೂರುವುದು ಆ ಅಂಚಿನ ಮೇಲೆ. ಅದು ಏರುತಗ್ಗಾಗಿದ್ದರೆ ಎಂಥ ಮೇಪಲೂ ಶ್ರುತಿಗೆ ನಿಲ್ಲುವುದಿಲ್ಲ. ಹೆಡ್ ತೆಗೆಯಲು ಅನುಮತಿ ಸಿಕ್ಕರೆ, ಶೆಲ್ಲನ್ನು ದಪ್ಪನೆಯ ಗಾಜಿನ ಅಥವಾ ನಯವಾದ ಕಲ್ಲಿನ ಹಲಗೆಯ ಮೇಲೆ ಬೋರಲಾಗಿಟ್ಟು, ಒಳಗೆ ಮೊಬೈಲಿನ ದೀಪ ಹಾಕಿ, ಕೋಣೆಯ ಬೆಳಕನ್ನು ಆರಿಸಿ. ಅಂಚಿನ ಕೆಳಗೆ ಎಲ್ಲಾದರೂ ಬೆಳಕಿನ ಗೆರೆ ಕಂಡರೆ ಅಲ್ಲಿ ತಗ್ಗಿದೆ ಎಂದು ಅರ್ಥ. ಹೆಡ್ಡನ್ನು ಹೂಪಿಲ್ಲದೆ (ಅದನ್ನು ಒತ್ತಿ ಹಿಡಿಯುವ ಬಳೆಯಿಲ್ಲದೆ) ಶೆಲ್ಲಿನ ಮೇಲೆ ಇಟ್ಟು ಬೆರಳಿನಿಂದ ತಿರುಗಿಸಿದರೆ ಎಲ್ಲಿಯೂ ತಡೆಯದೆ ಸುತ್ತಬೇಕು. ಇವೆರಡೂ ಸರಿಯಿದ್ದರೆ ನೆಮ್ಮದಿಯಿಂದ ಕೊಳ್ಳಬಹುದು.

20 ಇಂಚಿನ ಬಾಸ್ ಡ್ರಮ್ ಸೊರಗುವುದು ಹೆಚ್ಚಾಗಿ ಅದರ ಹೊಟ್ಟೆಗೆ ತುರುಕಿದ ದಿಂಬಿನಿಂದ. ನಾನು 22 ಇಂಚಿನದರಲ್ಲಿ ದಿಂಬನ್ನಿಟ್ಟು ವರ್ಷಗಟ್ಟಲೆ ನುಡಿಸಿ, 20ಕ್ಕೆ ಬಂದಾಗ ಅದೇ ದಿಂಬನ್ನು ಅಭ್ಯಾಸಬಲದಿಂದ ಒಳಗಿಟ್ಟೆ. ರಟ್ಟಿನ ಪೆಟ್ಟಿಗೆಯನ್ನು ಒದ್ದಂತೆ ಕೇಳುತ್ತಿತ್ತು. ದಿಂಬನ್ನು ತೆಗೆದು, ಬೀಟರ್, ಎಂದರೆ ಪೆಡಲಿನ ಸುತ್ತಿಗೆ, ಬಡಿಯುವ ಹೆಡ್ಡಿಗೆ ತಾಗುವಂತೆ ಒಂದು ಮಡಿಸಿದ ಕೈವಸ್ತ್ರವನ್ನಷ್ಟೇ ಇಟ್ಟ ಮೇಲೆ ಡ್ರಮ್ ಉಸಿರಾಡತೊಡಗಿತು. ಸಣ್ಣ ಸಭಾಂಗಣಕ್ಕೆ ಅದು ಸಾಕು. ತೀರಾ ದೊಡ್ಡ ಆವರಣದಲ್ಲಿ ಮೈಕಿಲ್ಲದೆ ನುಡಿಸುವುದಾದರೆ ನನ್ನ ಸಲಹೆ ಬೇರೆಯಾಗುತ್ತಿತ್ತು.

ಕಡೆಯದಾಗಿ, ನಿಮ್ಮ ಮೂಲ ದೂರು ಟಾಮ್ ಹೋಲ್ಡರಿನದು. ನಿಮ್ಮ ಬೇಸರವೆಲ್ಲ ಅದರದ್ದೇ ಆಗಿದ್ದರೆ ಹೋಲ್ಡರನ್ನು ಮಾತ್ರ ಬದಲಿಸಿ, ಹೊಸ ಹೆಡ್‌ಗಳನ್ನು ಹಾಕಿ ಇನ್ನೆರಡು ವರ್ಷ ದೂಡಬಹುದಿತ್ತು. ಅದನ್ನು ನೀವು ಯೋಚಿಸಿಯೇ ಬಿಟ್ಟಿರಬಹುದು ಎಂದುಕೊಂಡು ಇಷ್ಟನ್ನೂ ಬರೆದೆ.

ಪ್ರಶ್ನೆ ಕೇಳಿದವರು

ಹೋಲ್ಡರಿನ ಮಾತು ನಿಜ, ಯೋಚಿಸಿದ್ದೆ. ಆದರೆ ಬಾಸ್ ಡ್ರಮ್ಮಿನ ಒಂದು ಲಗ್ಗಿನ (ಟೆನ್ಷನ್ ರಾಡ್ ತಿರುಗಿ ಕೂರುವ ಭಾಗ) ಒಳಗಿನ ತಿರುಪಿನ ಹಲ್ಲು ಸವೆದಿದೆ, ಫ್ಲೋರ್ ಟಾಮಿನ ಒಂದು ಕಾಲೂ ಜಾರುತ್ತದೆ. ಒಂದೊಂದನ್ನೇ ಸರಿಪಡಿಸುತ್ತ ಹೋಗುವ ತಾಳ್ಮೆ ಉಳಿದಿಲ್ಲ.

ಹೇಳಿದಂತೆಯೇ ಎರಡೂ 12 ಇಂಚಿನ ಟಾಮ್‌ಗಳನ್ನು ಒಂದೇ ಶ್ರುತಿಗೆ ತಂದು, ನಮ್ಮ ಕೀಬೋರ್ಡ್ ವಾದಕರ ಕೈಗೆ ಕೋಲು ಕೊಟ್ಟು ಬೆನ್ನು ತಿರುಗಿಸಿ ನಿಂತೆ. ಅವರು ಹತ್ತು ಸಲ ಬಾರಿಸಿದರು; ನಾನು ನಾಲ್ಕು ಸಲ ತಪ್ಪು ಹೇಳಿದೆ. ಹತ್ತಿರ ಬಂದು ಕೇಳಿದಾಗ ಮೇಪಲಿನ ಬಾಲ ಉದ್ದವಿದೆ ಎಂಬುದು ಗೊತ್ತಾಗುತ್ತಿತ್ತು, ದೂರದಲ್ಲಿ ಅದು ಕರಗಿಹೋಗುತ್ತಿತ್ತು. ಅದರ ಬದಲು ನನ್ನ ಗಮನಕ್ಕೆ ಬಂದದ್ದು ಇನ್ನೊಂದು: 20 ಇಂಚಿನ ಸೆಟ್ಟಿನ ಮುಂದೆ ಕೂತಾಗ ಟಾಮ್‌ಗಳು ನಾನು ಕೈ ಚಾಚಿದ ಕಡೆಯೇ ಇದ್ದವು, ಮೊಣಕೈಯನ್ನು ಎತ್ತಬೇಕಾಗಲಿಲ್ಲ. ಬರ್ಚನ್ನೇ ಕೊಂಡೆ.

ಮನೆಗೆ ತಂದ ಮೊದಲ ದಿನ ಬಾಸ್ ಡ್ರಮ್ಮಿನ ಪೆಟ್ಟು ತೆಳುವಾಗಿ ಕೇಳಿಸಿ ಎದೆ ಧಸಕ್ಕೆಂದಿತು. ನೋಡಿದರೆ ನನ್ನ ಪೆಡಲಿನ ಬೀಟರ್ 22 ಇಂಚಿಗೆ ಹೊಂದಿಸಿದಂತೆಯೇ ಇದ್ದು, ಹೆಡ್ಡಿನ ನಡುವಿಗಿಂತ ಒಂದು ಇಂಚು ಮೇಲೆ ಬಡಿಯುತ್ತಿತ್ತು. ಬೀಟರಿನ ಕಡ್ಡಿಯನ್ನು ಅಷ್ಟೇ ಕೆಳಗಿಳಿಸಿ ಬಿಗಿದೆ. ಈಗ ಪೆಟ್ಟು ನಡುವಿಗೆ ಬೀಳುತ್ತಿದೆ, ಪೆಡಲೂ ಮೊದಲಿಗಿಂತ ಹಗುರವೆನಿಸುತ್ತಿದೆ. ಎಡಗೈ ಮಾತ್ರ ಇನ್ನೂ ಹಾಡಿನ ನಡುವೆ ಬಾಗದ ಟಾಮನ್ನು ಮೇಲೆತ್ತಲು ಹೋಗುತ್ತದೆ.