ಅಮ್ಮನ ಮಂಡಿನೋವಿಗೆ ರೇಕಿ ಮಾಡಿಸಬಹುದಾ? ಗೊತ್ತಿರೋರು ಹೇಳಿ

ಶೈಲಜಾ, ವಿದ್ಯಾನಗರ, ದಾವಣಗೆರೆ:

ಅಮ್ಮನಿಗೆ 64 ವರ್ಷ. ಎರಡೂ ಮಂಡಿ ಸವೆದಿದೆ ಅಂತ ಎಕ್ಸ್‌ರೇ ನೋಡಿ ಡಾಕ್ಟರ್ ಹೇಳಿದ್ದಾರೆ. ಶುಗರ್‌ಗೆ ಮಾತ್ರೆ, ಇನ್ಸುಲಿನ್ ಎರಡೂ ಇದೆ. ಬಿಪಿ ಮಾತ್ರೆಯೂ ಇದೆ. ರಾತ್ರಿ ನಿದ್ದೆ ಸರಿಯಾಗಿ ಬರಲ್ಲ. ಊರಲ್ಲೇ ಒಬ್ಬರು 21 ಸಿಟ್ಟಿಂಗ್ ರೇಕಿ ಮಾಡಿದ್ರೆ ನೋವು ಹೋಗುತ್ತೆ, ಶುಗರ್ ಮಾತ್ರೆನೂ ನಿಧಾನಕ್ಕೆ ಬಿಡಿಸಬಹುದು ಅಂತಾರೆ. 15,000 ರೂಪಾಯಿ ಮುಂಗಡ ಕೊಡಬೇಕಂತೆ. ರೇಕಿ ಅಂದ್ರೆ ಏನು, ಸಿಟ್ಟಿಂಗ್‌ನಲ್ಲಿ ಏನು ಮಾಡ್ತಾರೆ, ನಾವು ಏನೇನು ನೋಡ್ಕೋಬೇಕು?

ಗಿರಿಜಾ, ಚಿತ್ರದುರ್ಗ, ರೇಕಿ ಕಲಿಸುವವರು:

ಮಾತ್ರೆ ಬಿಡಿಸ್ತೀವಿ ಅಂದೋರ ಹತ್ರ ಹೋಗಬೇಡಿ. ಅದು ನಮ್ಮ ಕೆಲಸವೇ ಅಲ್ಲ. ಅದೊಂದು ಇತ್ಯರ್ಥ ಆದ ಮೇಲೆ ಉಳಿದದ್ದು ಕೇಳಿ.

ರೇಕಿ ಅಂದ್ರೆ ಅಂಗೈ ಇಟ್ಟು ಮೈಗೆ ಶಕ್ತಿ ಹರಿಸ್ತೀವಿ ಅನ್ನೋ ಜಪಾನಿನ ಪದ್ಧತಿ. ಇದರಲ್ಲಿ ಬಟ್ಟೆ ತೆಗೆಯೋ ಪ್ರಶ್ನೆಯೇ ಇಲ್ಲ. ಎಣ್ಣೆ ಹಚ್ಚಲ್ಲ, ಉಜ್ಜಲ್ಲ, ಒತ್ತಲ್ಲ. ಚಪ್ಪಲಿ, ಕನ್ನಡಕ ತೆಗೆದಿಟ್ಟು ಸಡಿಲವಾದ ಹತ್ತಿ ಬಟ್ಟೆಯಲ್ಲಿ ಅಂಗಾತ ಮಲಗಬೇಕು. ಮಾಡೋರು ಕೈ ತೊಳೆದು, ಉಂಗುರ ವಾಚು ಬಿಚ್ಚಿ, ಅಂಗೈಯನ್ನ ಮೆಲ್ಲಗೆ ಮೈಮೇಲೆ ಇಡ್ತಾರೆ, ಇಲ್ಲಾಂದ್ರೆ ಎರಡು ಮೂರು ಇಂಚು ಮೇಲೆ ಹಿಡೀತಾರೆ. ಸಾಮಾನ್ಯವಾಗಿ 12 ಜಾಗ. ಮುಂಭಾಗದಲ್ಲಿ ಕಣ್ಣು, ಕಿವಿ, ತಲೆಯ ಹಿಂಬದಿ, ಗಂಟಲು, ಎದೆ, ಪಕ್ಕೆಲುಬಿನ ಕೆಳಗೆ, ಹೊಕ್ಕಳು, ಕಿಬ್ಬೊಟ್ಟೆ. ಆಮೇಲೆ ಬೋರಲು ಮಲಗಿಸಿ ಭುಜ, ಬೆನ್ನಿನ ನಡು, ಸೊಂಟ, ಬೆನ್ನುಮೂಳೆಯ ಬುಡ. ಒಂದೊಂದು ಜಾಗಕ್ಕೆ 3ರಿಂದ 5 ನಿಮಿಷ. 4 ನಿಮಿಷ ಅಂತ ಹಿಡಿದ್ರೂ 48 ನಿಮಿಷ ಆಯ್ತು, ಮಂಡಿ ಪಾದ ಸೇರಿಸಿದ್ರೆ ಒಂದು ಗಂಟೆ. ಜಾಗಗಳ ಕ್ರಮ, ಸಂಖ್ಯೆ ಒಬ್ಬೊಬ್ಬ ಗುರುವಿನಲ್ಲಿ ಒಂದೊಂದು ಥರ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಆದರೆ ಕಾಲು ಗಂಟೆಗೆ ಎಬ್ಬಿಸಿ ಕಳಿಸಿದ್ರೆ ಪೂರ್ತಿ ದುಡ್ಡು ಕೊಡಬೇಡಿ.

ಗಂಟಲಿನ ಮೇಲೆ ಕೈ ಭಾರ ಬೀಳಲೇಬಾರದು. ಎದೆ, ಕಿಬ್ಬೊಟ್ಟೆಯ ಹತ್ರ ಮುಟ್ಟದೆಯೇ ಮಾಡಿ ಅಂತ ಮೊದಲೇ ಹೇಳಿ, ಅದಕ್ಕೆ ಒಪ್ಪದವರು ಬೇಡ. ನೀವೂ ಅದೇ ಕೋಣೆಯಲ್ಲಿ ಕೂತಿರಿ. ಜೊತೆಗಿರೋರು ಇದ್ರೆ ಎನರ್ಜಿ ಹರಿಯಲ್ಲ ಅನ್ನೋದು ನೆಪ.

ಎಡವಟ್ಟಾಗೋದು ಹೆಚ್ಚಾಗಿ ಮಲಗಿಸೋ ರೀತಿಯಲ್ಲಿ. ಸವೆದ ಮಂಡಿ ಒಂದು ಗಂಟೆ ನೇರ ಚಾಚಿಕೊಂಡಿದ್ರೆ ಬಿಗಿದುಕೊಳ್ಳುತ್ತೆ, ಎದ್ದಾಗ ಮೊದಲಿಗಿಂತ ಹೆಚ್ಚು ನೋವು. ಅಂಗಾತ ಇದ್ದಾಗ ಮಂಡಿ ಕೆಳಗೆ ದಿಂಬು, ಬೋರಲು ಮಲಗಿದಾಗ ಕಣಕಾಲಿನ ಕೆಳಗೆ ಸುತ್ತಿದ ಟವೆಲ್. ಬೋರಲು ಮಲಗೋಕೆ ಉಸಿರುಕಟ್ಟಿದ್ರೆ ಪಕ್ಕಕ್ಕೆ ಮಲಗಿಸಿ, ಇಲ್ಲವೇ ಕುರ್ಚಿಯಲ್ಲಿ ಕೂರಿಸಿಯೇ ಮಾಡಬಹುದು. ಚಾಪೆ ಹಾಸಿ ನೆಲದ ಮೇಲೆ ಬೇಡವೇ ಬೇಡ, ಅಮ್ಮನಿಗೆ ಏಳೋಕಾಗಲ್ಲ, ಮಾಡೋರು ಬಗ್ಗಿ ಬಗ್ಗಿ ಅವರ ಕೈ ಭಾರವೆಲ್ಲ ಇವರ ಮೇಲೆ ಬೀಳುತ್ತೆ. ಮಂಚ ಮಾಡೋರ ಸೊಂಟದ ಎತ್ತರಕ್ಕಿರಬೇಕು. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಫ್ಯಾನ್ ಬೇಕೇ ಬೇಕು, ಆದರೆ ನೇರ ಮೈಮೇಲೆ ಬಿಟ್ರೆ ಅರ್ಧ ಗಂಟೆಯಲ್ಲಿ ಚಳಿ ಹತ್ತುತ್ತೆ. ತೆಳ್ಳನೆ ಹೊದಿಕೆ ಇರಲಿ.

ಕೈ ಬಿಸಿ ಆಗೋದು, ಜುಮ್ ಅನ್ನೋದು, ಹೊಟ್ಟೆ ಗುರುಗುಟ್ಟೋದು, ಗೊರಕೆ ಬರೋದು ಎಲ್ಲ ಮಾಮೂಲು. ನಾವು ಅದನ್ನ ಶಕ್ತಿ ಹರಿಯೋದು ಅಂತೀವಿ. ಡಾಕ್ಟರನ್ನ ಕೇಳಿದ್ರೆ, ಮೈ ಸಡಿಲಾದಾಗ ಕೈಕಾಲಿನ ರಕ್ತನಾಳ ಹಿಗ್ಗುತ್ತೆ, ಕರುಳು ಚುರುಕಾಗುತ್ತೆ ಅಂತಾರೆ. ನಿಮ್ಮಮ್ಮನ ಮಟ್ಟಿಗೆ ಎರಡರಲ್ಲಿ ಯಾವುದಾದ್ರೂ ವ್ಯತ್ಯಾಸವಿಲ್ಲ.

ರೇಣುಕಾ, ಎಂಸಿಸಿ ಬಿ ಬ್ಲಾಕ್, ಸ್ಟಾಫ್ ನರ್ಸ್:

ಗಿರಿಜಕ್ಕ ಶುಗರ್ ಬಗ್ಗೆ ಒಂದೇ ಮಾತಲ್ಲಿ ಮುಗಿಸಿದ್ರು, ನನಗೆ ಮುಖ್ಯ ಅನಿಸೋದು ಅದೇ.

ಇನ್ಸುಲಿನ್ ಹಾಕ್ಕೊಂಡು ಊಟ ಮುಂದಕ್ಕೆ ಹಾಕಿ ಒಂದು ಗಂಟೆ ಮಲಗಿದ್ರೆ ಶುಗರ್ ಇಳಿಯಬಹುದು. ಬೆವರು, ಕೈ ನಡುಕ, ಎದೆ ಹೊಡ್ಕೊಳ್ಳೋದು, ಮಂಕು, ಇವೇ ಅದರ ಲಕ್ಷಣ. ತೊಂದರೆ ಏನಂದ್ರೆ, ಇದೇ ಲಕ್ಷಣಗಳನ್ನ ಕೆಲವರು 'ಕ್ಲೆನ್ಸಿಂಗ್ ಆಗ್ತಿದೆ, ಒಳಗಿನ ವಿಷ ಹೊರಗೆ ಬರ್ತಿದೆ, ಎಬ್ಬಿಸಬೇಡಿ' ಅಂತಾರೆ. ಎಬ್ಬಿಸಿ. ಗ್ಲುಕೋಮೀಟರ್ ಜೊತೆಗೇ ಒಯ್ಯಿರಿ. 70ಕ್ಕಿಂತ ಕೆಳಗಿದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲಾಂದ್ರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ಇಲ್ಲದಿದ್ರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಉಂಡು ಒಂದೂವರೆ ಗಂಟೆ ಆದ ಮೇಲಿನ ಹೊತ್ತು ಒಳ್ಳೇದು. ಉಂಡ ತಕ್ಷಣ ಬೋರಲು ಮಲಗಿದ್ರೆ ಹುಳಿತೇಗು ಗ್ಯಾರಂಟಿ.

ಬಿಪಿ ಮಾತ್ರೆ ತಗೊಳ್ಳೋರು ದಡಕ್ಕನೆ ಎದ್ರೆ ತಲೆ ತಿರುಗುತ್ತೆ. ಪಕ್ಕಕ್ಕೆ ಹೊರಳಿಸಿ, ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಿಸಿ, ಆಮೇಲೆ ನಿಲ್ಲಿಸಿ. ಬಿಸಿಕಲ್ಲು, ಬಿಸಿನೀರಿನ ಚೀಲ ಇಡ್ತೀವಿ ಅಂದ್ರೆ ಬೇಡ ಅನ್ನಿ. ಶುಗರ್‌ನಿಂದ ಪಾದ ಜೋಮು ಹಿಡಿದಿದ್ರೆ ಸುಟ್ಟದ್ದು ಗೊತ್ತೇ ಆಗಲ್ಲ.

ಎದೆನೋವು, ಒಂದು ಕಡೆ ಕೈಕಾಲು ಸೋಲೋದು, ಒಂದೇ ಕಾಲಿನ ಮೀನಖಂಡ ಊದಿ ನೋಯೋದು, ಜ್ವರದ ಜೊತೆ ಮಂಡಿ ಕೆಂಪಾಗಿ ಬಿಸಿಯಾಗೋದು, ಇದ್ಯಾವುದಾದ್ರೂ ಕಂಡ್ರೆ ಆವತ್ತೇ ಚಿಗಟೇರಿ ಆಸ್ಪತ್ರೆಗೋ ಬಾಪೂಜಿಗೋ ಹೋಗಿ. ಮುಂದಿನ ಸಿಟ್ಟಿಂಗ್‌ವರೆಗೆ ಕಾಯೋದಲ್ಲ.

ಹಾಲೇಶ್, ನಿಟುವಳ್ಳಿ:

ಇದು ಮೂರು ಸಾವಿರ ವರ್ಷದ ಟಿಬೆಟ್ ವಿದ್ಯೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶುರು ಮಾಡಿದ್ದು ಜಪಾನಿನ ಮಿಕಾವೊ ಉಸುಯಿ. ಕ್ಯೋಟೋ ಬಳಿಯ ಕುರಾಮ ಬೆಟ್ಟದಲ್ಲಿ 21 ದಿನ ಉಪವಾಸ ಕೂತ ಮೇಲೆ, 1922ರಲ್ಲಿ ಟೋಕಿಯೋದಲ್ಲಿ ಸಂಘ ಕಟ್ಟಿದರು, 1926ರಲ್ಲಿ ತೀರಿಕೊಂಡರು. ನಿಮಗೆ ಹೇಳಿದ 21ರ ಲೆಕ್ಕದ ಬೇರು ಆ ಉಪವಾಸವೇ ಇರಬೇಕು. ಮಂಡಿ ವಾಸಿಯಾಗಲು ಇಷ್ಟೇ ದಿನ ಬೇಕೆಂದು ಯಾರೂ ಅಳೆದು ನೋಡಿದ್ದಲ್ಲ. ಅವರ ಶಿಷ್ಯ ಚುಜಿರೊ ಹಯಾಶಿ, ನೌಕಾಪಡೆಯಲ್ಲಿದ್ದವರು. ಅವರ ಚಿಕಿತ್ಸಾಲಯದಲ್ಲಿ ಕಲಿತ ಹವಾಯಿಯ ಹವಾಯೊ ತಕಾಟ ಇದನ್ನು ಅಮೆರಿಕಕ್ಕೆ ಒಯ್ದರು. ಏಳು ಚಕ್ರದ ಲೆಕ್ಕ ಪಶ್ಚಿಮದಲ್ಲಿ ಆಮೇಲೆ ಸೇರಿಕೊಂಡದ್ದು.

ತಕಾಟ ಮಾಸ್ಟರ್, ಅಂದರೆ ಕಲಿಸುವ ಗುರುವಿನ ಹಂತಕ್ಕೆ 10,000 ಡಾಲರ್ ತೆಗೆದುಕೊಳ್ಳುತ್ತಿದ್ದರು. 1980ರಲ್ಲಿ ತೀರಿಕೊಳ್ಳುವ ಹೊತ್ತಿಗೆ 22 ಮಾಸ್ಟರ್‌ಗಳನ್ನು ತಯಾರು ಮಾಡಿದ್ದರು. ಹಂತ ಏರಿದಂತೆ ಶುಲ್ಕ ಏರುವ ಪದ್ಧತಿ ಈಗಲೂ ಉಳಿದಿದೆ. ಮೊದಲ ಹಂತದಲ್ಲಿ ದೀಕ್ಷೆ ಮತ್ತು ಕೈ ಇಡುವ ಕ್ರಮ, ಒಂದೆರಡು ದಿನದ ಪಾಠ. ಎರಡನೆಯದರಲ್ಲಿ ಮೂರು ಚಿಹ್ನೆ ಮತ್ತು ದೂರದಿಂದ ಮಾಡುವುದು. ಮೂರನೆಯದು ಕಲಿಸುವ ಅಧಿಕಾರ. ಸರ್ಟಿಫಿಕೇಟು ಕೊಡುವುದು ಆಯಾ ಗುರುವೇ, ಸರ್ಕಾರವಲ್ಲ. ಆಯುಷ್ ಪದ್ಧತಿಗಳ ಪಟ್ಟಿಯಲ್ಲಿ ರೇಕಿ ಇಲ್ಲ. ರೇಕಿ ಕಲಿತ ಮಾತ್ರಕ್ಕೆ ಹೆಸರಿನ ಹಿಂದೆ ಡಾ. ಹಾಕಿಕೊಂಡಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಶುಗರ್, ಕ್ಯಾನ್ಸರ್, ಪಾರ್ಶ್ವವಾಯು ಮಂತ್ರ ತಾಯತದಂಥವುಗಳಿಂದ ವಾಸಿಯಾಗುತ್ತದೆ ಎಂದು ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ.

ಪರೀಕ್ಷೆಗಳ ವಿಷಯ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ ಫೈಬ್ರೊಮಯಾಲ್ಜಿಯ, ಅಂದರೆ ಮೈಯೆಲ್ಲ ನೋಯುವ ಕಾಯಿಲೆ ಇದ್ದ 100 ಜನರಿಗೆ ವಾರಕ್ಕೆ ಎರಡರಂತೆ ಎಂಟು ವಾರ ರೇಕಿ ಮಾಡಿಸಿದರು. ಕೆಲವರಿಗೆ ನಿಜವಾದ ಮಾಸ್ಟರ್‌ಗಳು, ಕೆಲವರಿಗೆ ಮಾಸ್ಟರ್‌ಗಳಂತೆ ನಟಿಸುವ ನಟರು. ನೋವಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆತಂಕ, ಖಿನ್ನತೆಯ ಬಗ್ಗೆ ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ ಕೂಡ ಸಾಕಷ್ಟು ಪುರಾವೆ ಇಲ್ಲ ಎಂದಿತು. ಹಾಗಂತ ಒಂದು ಗಂಟೆ ಕಣ್ಣುಮುಚ್ಚಿ ಮಲಗಿದವರಿಗೆ ಹಾಯೆನಿಸುವುದು ಸುಳ್ಳಲ್ಲ. ಬೆಲೆ ಕಟ್ಟುವುದಾದರೆ ಆ ಹಾಯಿಗೆ ಕಟ್ಟಿ.

ಗಿರಿಜಾ, ಚಿತ್ರದುರ್ಗ:

ಹಾಲೇಶಣ್ಣ, ನಟರ ವಿಷಯ ನಮ್ಮಲ್ಲಿ ಅನೇಕರು ಒಪ್ಪಲ್ಲ. ನೋವು ಅಳೆಯೋ ಪಟ್ಟಿಗೆ ರೇಕಿ ಸಿಗಲ್ಲ ಅಂತಾರೆ. ಆದರೆ ದುಡ್ಡಿನ ಮಾತಿಗೆ ನನ್ನದೂ ಹೂಂ. ಮುಂಗಡ ಬೇಡ ಶೈಲಜಾ. ಒಂದೊಂದು ಸಿಟ್ಟಿಂಗ್‌ಗೆ ಆವತ್ತಾವತ್ತೇ ಕೊಡಿ, ನಾಲ್ಕು ಆದ ಮೇಲೆ ಯೋಚನೆ ಮಾಡಿ. ರಾತ್ರಿ ಎಷ್ಟು ಗಂಟೆಗೆ ನಿದ್ದೆ ಬಂತು, ಎಷ್ಟು ಸಲ ಎಚ್ಚರ ಆಯ್ತು, ನೋವಿಗೆ ಹತ್ತರಲ್ಲಿ ಎಷ್ಟು, ಇದನ್ನ ಶುರು ಮಾಡೋಕೆ ಒಂದು ವಾರ ಮೊದಲಿಂದಲೇ ಕ್ಯಾಲೆಂಡರ್ ಮೇಲೆ ಬರೆದಿಡಿ. ಇಲ್ಲಾಂದ್ರೆ ದುಡ್ಡು ಕೊಟ್ಟಿದ್ದಕ್ಕೆ ಎಲ್ಲರಿಗೂ ವಾಸಿ ಅನಿಸುತ್ತೆ.

ಮಂಜುನಾಥ, ಫಿಸಿಯೋಥೆರಪಿಸ್ಟ್:

ಮಂಡಿಗೆ ಬೇಕಾದ್ದು ತೊಡೆಯ ಮುಂಭಾಗದ ಸ್ನಾಯುವಿಗೆ ಬಲ. ಮಂಚದ ಮೇಲೆ ಕಾಲು ಚಾಚಿ, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ 5 ಸೆಕೆಂಡ್ ಹಿಡಿದು ಬಿಡಬೇಕು. ಒಂದು ಕಾಲಿಗೆ 10 ಸಲ, ಬೆಳಿಗ್ಗೆ ಸಂಜೆ. ಉಸಿರು ಬಿಗಿಹಿಡಿಯಬಾರದು, ಬಿಪಿ ಏರುತ್ತೆ. ಇದು ಸಲೀಸಾದ ಮೇಲೆ ಒಂದು ಕಾಲು ಮಡಿಸಿಟ್ಟು ಇನ್ನೊಂದನ್ನು ನೇರವಾಗಿ ಒಂದು ಅಡಿ ಎತ್ತಿ ಹಿಡಿಯೋದು. ನೆಲದ ಮೇಲೆ ಚಕ್ಕಂಬಕ್ಕಳ, ಕುಕ್ಕರಗಾಲು ಎರಡೂ ಸದ್ಯಕ್ಕೆ ಬೇಡ. ರೇಕಿ ಮಾಡಿಸಿದ ದಿನವೂ ಇದನ್ನು ತಪ್ಪಿಸಬೇಡಿ.

ಶೈಲಜಾ:

ಎಲ್ಲರಿಗೂ ಥ್ಯಾಂಕ್ಸ್ ರೀ. ಮುಂಗಡ ಕೊಡಲ್ಲ ಅಂತ ತೀರ್ಮಾನ ಆಯ್ತು. ಅಮ್ಮ ತಾವೇ ಮನೇಲಿ ಕೈ ಇಟ್ಕೊಂಡು ಮಾಡ್ಕೋಬಹುದಾ, ದೀಕ್ಷೆ ಇಲ್ದೆ?

ಗಿರಿಜಾ, ಚಿತ್ರದುರ್ಗ:

ಸಂಪ್ರದಾಯದ ಪ್ರಕಾರ ದೀಕ್ಷೆ ಬೇಕು. ಮಲಗೋ ಮುಂಚೆ ಕೈ ಇಟ್ಕೊಂಡು ಸುಮ್ಮನೆ ಮಲಗೋಕೆ ಯಾರ ಅಪ್ಪಣೆಯೂ ಬೇಡ. ಒಂದು ಕೈ ಎದೆ ಮೇಲೆ, ಒಂದು ಹೊಟ್ಟೆ ಮೇಲೆ, ಮೊಣಕೈಗೆ ಎರಡೂ ಕಡೆ ದಿಂಬಿನ ಆಸರೆ. ಆಸರೆ ಇಲ್ಲಾಂದ್ರೆ ಐದೇ ನಿಮಿಷಕ್ಕೆ ಭುಜ ಸೋತು ಕೈ ಜೋಮು ಹಿಡಿಯುತ್ತೆ. 15 ನಿಮಿಷ ಸಾಕು. ಮಂಡಿ ಮುಟ್ಟಬೇಕು ಅಂತ ಬಗ್ಗಿ ಕೂರೋದು ಬೇಡ, ನೀವೇ ಪಕ್ಕದಲ್ಲಿ ಕೂತು ಕೈ ಇಡಿ. ನಡುವೆ ನಿದ್ದೆ ಹತ್ತಿದ್ರೆ ಎಬ್ಬಿಸಬೇಡಿ, ರಾತ್ರಿಯ ಊಟ, ಇನ್ಸುಲಿನ್ ಎರಡೂ ಮೊದಲೇ ಮುಗಿದಿರಲಿ.