ಮಸೂದೆ, ಲೈಸೆನ್ಸ್, ಸಮನ್ಸ್: ವಕೀಲರನ್ನು ಕೇಳಿ (ಅಂಗಡಿಯವರ ಗ್ರೂಪ್ ಚಾಟ್)

ಬೇಕರಿ: ಸರ್, ಲೈಸೆನ್ಸ್ ತಪ್ಪಿಗೆ ಜೈಲು ತೆಗೆಯೋ ಮಸೂದೆ ವಿಧಾನಸಭೆಯಲ್ಲಿ ಪಾಸಾಯ್ತಂತೆ. ಇನ್ಮುಂದೆ ರಿನ್ಯೂವಲ್ ಬೇಡ ಅಂತ ಫಾರ್ವರ್ಡ್ ಬಂದಿದೆ. ನಿಜವಾ?

ವಕೀಲರು: ಸುಳ್ಳು. ಇನ್ನೂ ವಿಧಾನ ಪರಿಷತ್ತು, ರಾಜ್ಯಪಾಲರ ಅಂಕಿತ, ರಾಜ್ಯಪತ್ರ ಬಾಕಿ. ‘ಸರ್ಕಾರ ಅಧಿಸೂಚಿಸಿದ ದಿನದಿಂದ ಜಾರಿ’ ಅಂತಿದ್ದರೆ ಅಲ್ಲಿಯವರೆಗೂ ಹಳೇ ಕಾಯ್ದೆಯೇ. ಕಾಯ್ದೆಯಿಂದ ಜೈಲು ಶಿಕ್ಷೆ ಹೋದರೂ ಲೈಸೆನ್ಸ್ ಕಡ್ಡಾಯ ಅನ್ನೋದು ಹೋಗಲ್ಲ.

ಹಾರ್ಡ್‌ವೇರ್: ಕೋರ್ಟ್ ಸಮನ್ಸ್ ಬಂದಿದೆ. ತಪ್ಪೊಪ್ಪಿಕೊಂಡು ದಂಡ ಅಂಚೆಯಲ್ಲೇ ಕಳಿಸಬಹುದಂತೆ. ಏಜೆಂಟ್ ಕಟ್ಟಿ ಮುಗಿಸಿ ಅಂತಾನೆ.

ವಕೀಲರು: ಕಟ್ಟಬೇಡಿ, ತಡೀರಿ. ಇದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಕ್ರಿಮಿನಲ್ ಕೇಸ್ ನಡೆಸೋ ವಿಧಾನದ ಕಾಯ್ದೆ) 229ನೇ ಕಲಮಿನ ವಿಶೇಷ ಸಮನ್ಸ್, ಹೆಚ್ಚೆಂದರೆ 5,000 ರೂ. ದಂಡವಷ್ಟೇ ಇರುವ ಅಪರಾಧಕ್ಕೆ. ನೀವು ಕಟ್ಟೋದು ಫೀಸಲ್ಲ, ಅಪರಾಧಿ ಅಂತ ದಾಖಲಾಗುತ್ತೆ. ಎರಡನೇ ಸಲಕ್ಕೆ ಶಿಕ್ಷೆ ಏರುವ ಕಾಯ್ದೆಗಳಲ್ಲಿ ಇದೇ ಮೊದಲನೇದು.

ದಂಡ ಮಾತ್ರದ ಅಪರಾಧಕ್ಕೆ ಅದೇ ಸಂಹಿತೆಯ 514ನೇ ಕಲಂ ಪ್ರಕಾರ ಕಾಲಮಿತಿ 6 ತಿಂಗಳು. ಲೆಕ್ಕ ಸಮನ್ಸ್ ದಿನಕ್ಕಲ್ಲ, ಕೋರ್ಟಿಗೆ ದೂರು ಸಲ್ಲಿಸಿದ ದಿನಕ್ಕೆ. 2013ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ದೂರಿನ ದೃಢೀಕೃತ ನಕಲು ತೆಗೆಸಿ. ಲೈಸೆನ್ಸ್ ಇಲ್ಲದೆ ಇವತ್ತೂ ಬಾಗಿಲು ತೆಗೆದಿದ್ದರೆ ಈ ವಾದ ನಿಲ್ಲಲ್ಲ. ಮುಂದುವರಿಯುವ ಅಪರಾಧಕ್ಕೆ ಮಿತಿ ಕ್ಷಣಕ್ಷಣಕ್ಕೂ ಹೊಸದಾಗಿ ಶುರುವಾಗುತ್ತೆ.

ಮೊಬೈಲ್ ರಿಪೇರಿ: ಪಾಸಾಯ್ತಲ್ಲ ಸರ್, ರಿನ್ಯೂವಲ್ ಬೇಕಾ?

ವಕೀಲರು: ಬೇಕು.

ಪಾರ್ಲರ್: ಸರ್, ಬಾಡಿಗೆ ಕರಾರು ಯಜಮಾನರ ಹೆಸರಲ್ಲಿದೆ. ಲೈಸೆನ್ಸ್ ನನ್ನ ಹೆಸರಲ್ಲಿ ಸಿಗುತ್ತಾ?

ಹೋಟೆಲ್: ಜೈಲು ತೆಗೆದರೆ ಸಾಕು ಗುರು, ಉಳಿದದ್ದು ನೋಡ್ಕೊಳ್ಳೋಣ.

ಕಿರಾಣಿ: ಏನ್ ಸಾಕು? ಈಗ ಜಡ್ಜ್ ಮುಂದೆ ಸಾಬೀತು ಮಾಡ್ಬೇಕು. ನಾಳೆ ಇಲಾಖೆ ಅಧಿಕಾರೀನೇ ದಂಡ ಹಾಕ್ತಾನೆ.

ಹೋಟೆಲ್: ವರ್ಷಗಟ್ಟಲೆ ಕೋರ್ಟ್ ಅಲೆಯೋದು ನಿಮಗಿಷ್ಟ ಅನ್ಸುತ್ತೆ.

ಕಿರಾಣಿ: ಮೇಲ್ಮನವಿ ಯಾರಿಗೆ, ಎಷ್ಟು ದಿನದಲ್ಲಿ? ಮಸೂದೆ ಓದಿದ್ದೀರೇನ್ರೀ, ಸುಮ್ನೆ ಮಾತಾಡ್ತೀರಾ?

ವಕೀಲರು: ಕಿರಾಣಿಯವರ ಪ್ರಶ್ನೆ ಸರಿ. ಜಗಳ ಬೇರೆ ಕಡೆ ಆಡಿ.

ಟೈಲರ್: ಹೊಸ ಕಾಯ್ದೆ ಬಂದ್ರೆ ನಡೀತಿರೋ ಕೇಸು ಬಿದ್ದುಹೋಗುತ್ತಾ?

ವಕೀಲರು: ತಾನಾಗಿ ಬೀಳಲ್ಲ. ಕೊನೆಯಲ್ಲಿರುವ ‘ನಿರಸನ ಮತ್ತು ಉಳಿಸುವಿಕೆ’ ಕಲಂ (ಹಳೇದರಲ್ಲಿ ಏನು ರದ್ದು, ಏನು ಉಳಿಯುತ್ತೆ ಅನ್ನೋದು) ಓದಿ. ಶಿಕ್ಷೆ ಏರಿಸಿದ್ದರೆ ಮಾತ್ರ ಹಳೇ ತಪ್ಪಿಗೆ ತಾಗಲ್ಲ: ಸಂವಿಧಾನದ 20(1)ನೇ ವಿಧಿ.

ಬೇಕರಿ: ಫಾರ್ವರ್ಡ್: ‘ಈ ನೋಟಿಸ್ ಅಂಗಡಿ ಬಾಗಿಲಿಗೆ ಅಂಟಿಸಿ, ಅಧಿಕಾರಿ ಒಳಗೆ ಬರೋ ಹಾಗಿಲ್ಲ.’

ವಕೀಲರು: ಅಂಟಿಸಿ, ತಡೆದು ನಿಲ್ಲಿಸಿ ನೋಡಿ, ಏನಾಗುತ್ತೆ ಅಂತ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 221: 3 ತಿಂಗಳವರೆಗೆ ಜೈಲು, ಇಲ್ಲವೇ 2,500 ರೂ.ವರೆಗೆ ದಂಡ, ಇಲ್ಲವೇ ಎರಡೂ. ಇಂಥದ್ದು ಇನ್ನೊಂದು ಬಂದರೆ ಗ್ರೂಪ್ ಬಿಡ್ತೀನಿ.

ಪಾರ್ಲರ್: ಸರ್, ನನ್ನದು?

ಹಾರ್ಡ್‌ವೇರ್: ತಪಾಸಣೆ ಮಾರ್ಚ್ 3, ದೂರು ಸೆಪ್ಟೆಂಬರ್ 9.

ವಕೀಲರು: ಆರು ದಿನ ತಡ. ಆದರೆ ಕಾನೂನೇ ನೋಟಿಸ್ ಅವಧಿ ಅಥವಾ ಪೂರ್ವಾನುಮತಿ ಕೇಳಿದ್ದರೆ ಆ ದಿನಗಳನ್ನು ಕಳೀತಾರೆ, ಆರು ದಿನ ಅಲ್ಲೇ ಕರಗಬಹುದು. ವಿಳಂಬ ಮನ್ನಾ ಅರ್ಜಿ ಹಾಕಿದ್ದಾರಾ ನೋಡಿ. ನಕಲು ಕಳಿಸಿ.