ಸಹಾಯ ಬೇಕು: ಸ್ಪ್ಯಾನಿಷ್‌ನಲ್ಲಿ ಗೆಳೆಯರ ಗುಂಪಿಗೆ ಯಾವ ಪದ?

ಸ್ಪ್ಯಾನಿಷ್ ಚೆನ್ನಾಗಿ ಬಲ್ಲವರು ದಯವಿಟ್ಟು ನೆರವಾಗಿ. ಸ್ಪ್ಯಾನಿಷ್‌ನಲ್ಲಿ ಒಂದು ಮಕ್ಕಳ ಕಥೆ ಬರೆಯುತ್ತಿದ್ದೇನೆ.

ಪ್ರಾಣಿಗಳ ವಿಷಯದಲ್ಲಿ ಗೊಂದಲವಿಲ್ಲ. ಕುರಿಗಳಿಗೆ ‘ರೆಬಾನ್ಯೊ’, ತೋಳ ಮತ್ತು ಆನೆಗಳಿಗೆ ‘ಮನಾದಾ’, ಹಕ್ಕಿಗಳಿಗೆ ‘ಬಂದಾದಾ’, ಜೇನ್ನೊಣಗಳಿಗೆ ‘ಎನ್‌ಹಾಂಬ್ರೆ’. ಎಷ್ಟು ಚೆಂದದ ಪದಗಳು!

ತೊಡಕಿರುವುದು ಮನುಷ್ಯರಲ್ಲಿ. ಸದಾ ಜೊತೆಯಲ್ಲೇ ಅಲೆಯುವ ಐದು ಮಕ್ಕಳನ್ನು ಏನೆಂದು ಕರೆಯಲಿ? ‘ಪಾಂದೀಯಾ’ ಸ್ಪೇನ್‌ನಲ್ಲಿ ಆತ್ಮೀಯ ಗೆಳೆಯರ ಬಳಗ. ಎಲ್ ಸಾಲ್ವಡಾರ್‌ನಲ್ಲಿ ಅದೇ ಪದ ಪಾತಕಿಗಳ ತಂಡಗಳನ್ನು ನೆನಪಿಸುತ್ತದೆ. ‘ಬಾಂದಾ’ ಎಂದರೆ ವಾದ್ಯಗಾರರ ತಂಡವೂ ಆಗಬಹುದು, ದರೋಡೆಕೋರರ ಗುಂಪೂ ಆಗಬಹುದು. ‘ಎಕೀಪೊ’ ಆಟಕ್ಕೋ ಕೆಲಸಕ್ಕೋ ಕಟ್ಟಿದ ತಂಡ. ‘ಗ್ರುಪೊ’ ಎಲ್ಲೆಡೆ ಸಲ್ಲುತ್ತದೆ ನಿಜ, ಆದರೆ ಪುಟಪುಟಕ್ಕೂ ಅದೇ ಬಂದರೆ ಕಥೆ ಸಪ್ಪೆಯಾಗುತ್ತದೆ. ಸ್ಪೇನ್ ಮತ್ತು ಲ್ಯಾಟಿನ್ ಅಮೆರಿಕ ಎರಡೂ ಕಡೆಯ ಮಕ್ಕಳಿಗೆ ಒಪ್ಪುವ, ಸಲಿಗೆಯ ಪದ ಬೇಕು.

ಇನ್ನೊಂದು ಸಂದೇಹ. ‘ಜನ’ ಎಂಬರ್ಥದ ‘ಹೆಂತೆ’ಗೆ ಏಕವಚನದ ಕ್ರಿಯಾಪದವೇ ಬರುತ್ತದೆ. ‘ಉನ್ ಗ್ರುಪೊ ದೆ ನಿನ್ಯೋಸ್’ (ಮಕ್ಕಳ ಒಂದು ಗುಂಪು) ಆದಮೇಲೆ ಏಕವಚನ, ಬಹುವಚನ ಎರಡನ್ನೂ ನೋಡಿದ್ದೇನೆ. ಕಥೆಯಲ್ಲಿ ಕಿವಿಗೆ ಯಾವುದು ಹೆಚ್ಚು ಸಹಜ? ಒಂದೆರಡು ಉದಾಹರಣೆ ವಾಕ್ಯಗಳನ್ನೂ ಕೊಟ್ಟರೆ ತುಂಬಾ ಉಪಕಾರವಾಗುತ್ತದೆ.